ಕಾಲ್ಬೆರಳು ಊದಿ ತುರಿಸ್ತಾ ಇದ್ಯಾ? ಪುಣೆ ಚಳಿಯ ಚಿಲ್‌ಬ್ಲೇನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಶುರುವಾಯ್ತು ಅಂದ್ರೆ ಪುಣೆಲಿರೋ ನಮ್ಮ ಕನ್ನಡದವರ ಮಧ್ಯೆ ಇದೊಂದು ಪ್ರಶ್ನೆ ಸುತ್ತೋಕೆ ಶುರುವಾಗುತ್ತೆ, "ಕಾಲ್ಬೆರಳು ನೋಡ್ರೀ ಹೆಂಗಾಗ್ಯಾವ, ಇದೇನು ಅಲರ್ಜಿನಾ, ಇರುವೆ ಕಚ್ಚಿದ್ದಾ?" ಅಂತ. ಜತೆಗೊಂದು ಫೋಟೋ. ಪ್ರತಿ ಸಲ ಅದೇ ಉತ್ತರ ಟೈಪ್ ಮಾಡಿ ಸಾಕಾಗಿ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ನಾನು ಡಾಕ್ಟರ್ ಅಲ್ಲ, ಈ ಕಾಟ ಇರೋ ಮನೆಯವಳು ಅಷ್ಟೇ, ಹಾಗಾಗಿ ಮಾತ್ರೆ ಡೋಸು ಗೀಸು ಇಲ್ಲಿ ಹುಡುಕ್ಬೇಡಿ.

ಮೊದಲು ಹೇಳಿ, ಈ ಚಿಲ್‌ಬ್ಲೇನ್ಸ್ ಅಂದ್ರೆ ಏನು?

ಚಳಿಗೆ ಚರ್ಮದ ಸಣ್ಣ ಸಣ್ಣ ರಕ್ತನಾಳಗಳು ತೋರ್ಸೋ ಸಿಟ್ಟು. ಡಾಕ್ಟರ್‌ಗಳು ಚೀಟಿಲಿ ಪರ್ನಿಯೋ ಅಥವಾ ಪರ್ನಿಯೋಸಿಸ್ ಅಂತ ಬರೀತಾರೆ. ಕಾಲ್ಬೆರಳಿನ ತುದಿ, ಬೆರಳಿನ ಮೇಲ್ಭಾಗ, ಹಿಮ್ಮಡಿ, ಕೆಲವರಿಗೆ ಕೈಬೆರಳು, ಕಿವಿ, ಮೂಗಿನ ತುದಿಲೂ ಸಣ್ಣ ಗಂಟು ಅಥವಾ ಮಚ್ಚೆ ಥರ ಏಳುತ್ತೆ, ಊತ, ತುರಿಕೆ, ಉರಿ, ಮುಟ್ಟಿದ್ರೆ ನೋವು. ಅಂಟುರೋಗ ಅಲ್ಲ, ಒಬ್ಬರ ಸಾಕ್ಸ್ ಇನ್ನೊಬ್ಬರು ಹಾಕಿದ್ರೆ ಬರೋದೂ ಅಲ್ಲ. ಬಹಳಷ್ಟು ಜನಕ್ಕೆ ಮತ್ತೆ ಚಳಿ ತಾಗದ ಹಾಗೆ ನೋಡ್ಕೊಂಡ್ರೆ ಒಂದರಿಂದ ಮೂರು ವಾರದಲ್ಲಿ ತಾನಾಗೇ ಇಳಿದು ಹೋಗುತ್ತೆ.

ಪುಣೆಲಿ ಹಿಮ ಬೀಳಲ್ವಲ್ಲ, ಇಲ್ಲೆಲ್ಲಿಂದ ಬಂತು ಇದು?

ಇದಕ್ಕೆ ಹಿಮ ಬೇಕಾಗೇ ಇಲ್ಲ. ಹಿಮದಲ್ಲಿ ಮಾಂಸ ಹೆಪ್ಪುಗಟ್ಟೋದು ಫ್ರಾಸ್ಟ್‌ಬೈಟ್, ಅದೇ ಬೇರೆ ಕಥೆ. ಚಿಲ್‌ಬ್ಲೇನ್ಸ್ ಸೊನ್ನೆ ಡಿಗ್ರಿಗಿಂತ ಮೇಲೇ, ಸುಮಾರು 15 ಡಿಗ್ರಿವರೆಗಿನ ಚಳಿಲೇ ಬರೋದು, ಅದರಲ್ಲೂ ಕಾಲು ಒದ್ದೆ ಇದ್ರೆ. ಪುಣೆಲಿ ಡಿಸೆಂಬರ್ ಜನವರಿ ಬೆಳಗಿನ ಜಾವ 10 ಡಿಗ್ರಿ ಆಸುಪಾಸು ಇಳಿಯೋದು ಮಾಮೂಲಿ, ಪಾಷಾಣ್, ಎನ್‌ಡಿಎ (ಸೇನಾ ಅಕಾಡೆಮಿ) ಕಡೆ ಇನ್ನೂ ಕಮ್ಮಿ. ಇತಿಹಾಸ ಬೇಕು ಅನ್ನೋರಿಗೆ, 1935ರ ಜನವರಿಲಿ ಇದೇ ಪುಣೆಲಿ 1.7 ಡಿಗ್ರಿ ದಾಖಲಾಗಿದೆ. ಆದ್ರೆ ಮಜಾ ಇರೋದು ಮಧ್ಯಾಹ್ನದಲ್ಲಿ, ಅದೇ ದಿನ 28, 30ಕ್ಕೆ ಏರಿರುತ್ತೆ, ಸ್ವೆಟರ್ ಕೈಲಿ ಹಿಡ್ಕೊಂಡು ಓಡಾಡ್ತೀವಿ. ಹಾಗಾಗಿ ಇಲ್ಲಿ ಯಾರೂ ಚಳಿಗೆ ಅಂತ ಸೀರಿಯಸ್ಸಾಗಿ ತಯಾರಾಗಲ್ಲ, ಮನೇಲಿ ಹೀಟರ್ ಇಲ್ಲ, ಬೂಟು ಆಫೀಸಿಗೆ ಮಾತ್ರ, ಉಳಿದ ಹೊತ್ತೆಲ್ಲಾ ಬರಿಗಾಲು ಇಲ್ಲಾ ಚಪ್ಪಲಿ. ಕಾಶ್ಮೀರದಲ್ಲಿ ಇರೋರು ಸಾಕ್ಸ್ ಇಲ್ದೆ ಹೊರಗೆ ಕಾಲಿಡಲ್ಲ, ನಾವು ಹಾಲಿನ ಪ್ಯಾಕೆಟ್ ತರೋಕೆ ಬೆಳಗ್ಗೆ ಆರಕ್ಕೆ ಹವಾಯ್ ಚಪ್ಪಲಿಲೇ ಹೋಗ್ತೀವಿ.

ಇನ್ನೊಂದು ವಿಷ್ಯ ಗಮನಿಸಿ. ಪುಣೆ ಚಳಿ ಒಣ ಚಳಿ, ತುಟಿ ಒಡೆಯೋ ಚಳಿ. ಚಿಲ್‌ಬ್ಲೇನ್ಸ್‌ಗೆ ಇಷ್ಟ ಆಗೋದು ತೇವದ ಚಳಿ. ಹಾಗಾದ್ರೆ ತೇವ ಎಲ್ಲಿಂದ? ನಮ್ಮ ಮನೆಯೊಳಗಿಂದಲೇ. ಬಚ್ಚಲಿಂದ ಒದ್ದೆ ಕಾಲಲ್ಲಿ ಬಂದು ಟೈಲ್ಸ್ ಮೇಲೆ ನಿಂತು ಟೀ ಕಾಯಿಸೋದು, ಅಂಗಳ ತೊಳೆದು ರಂಗೋಲಿ ಹಾಕೋದು, ನಿನ್ನೆ ಬೆವೆತ ಸಾಕ್ಸನ್ನೇ ಇವತ್ತೂ ಏರಿಸೋದು.

ಚಳಿಲಿ ಇದ್ದಾಗ ಏನೂ ಅನ್ಸಲ್ಲ, ರಾತ್ರಿ ರಗ್ಗೊಳಗೆ ಕಾಲಿಟ್ಟ ಮೇಲೆ ತುರಿಕೆ ಶುರು. ಉಲ್ಟಾ ಅಲ್ವಾ?

ಉಲ್ಟಾ ಅಲ್ಲ, ಅದೇ ಇದರ ಗುರುತು. ಚಳಿ ತಾಗಿದಾಗ ದೇಹ ಒಳಗಿನ ಬಿಸಿ ಉಳಿಸ್ಕೊಳ್ಳೋಕೆ ಬೆರಳತ್ತ ಹೋಗೋ ಸಣ್ಣ ರಕ್ತನಾಳಗಳನ್ನ ಬಿಗಿ ಮಾಡುತ್ತೆ. ಆಮೇಲೆ ದಿಢೀರ್ ಅಂತ ಬಿಸಿ ಸಿಕ್ತು ಅನ್ಕೊಳ್ಳಿ, ರಕ್ತ ಒಳಗೆ ನುಗ್ಗುತ್ತೆ, ಆದ್ರೆ ಆಚೆ ಕಡೆಯಿಂದ ವಾಪಸ್ ತಗೊಂಡು ಹೋಗೋ ನಾಳಗಳು ಇನ್ನೂ ಪೂರ್ತಿ ತೆರೆದಿರಲ್ಲ, ಆಗ ನೀರಿನಂಶ ಅಕ್ಕಪಕ್ಕದ ಚರ್ಮಕ್ಕೆ ಸೋರಿ ಊತ, ಉರಿ, ತುರಿಕೆ. ಮಚ್ಚೆ ಕಾಣಿಸ್ಕೊಳ್ಳೋದು ಎಷ್ಟೋ ಸಲ ಚಳಿ ತಾಗಿ 12ರಿಂದ 24 ಗಂಟೆ ಆದ್ಮೇಲೆ, ಅದಕ್ಕೇ ಯಾರಿಗೂ ಕಾರಣ ನೆನಪಿರಲ್ಲ, ನಿನ್ನೆ ಬೆಳಗಿನ ಬೈಕ್ ಸವಾರಿನ ಬಿಟ್ಟು ನಿನ್ನೆ ರಾತ್ರಿ ತಿಂದ ಬದನೆಕಾಯಿನ ಬೈಯ್ತಾ ಕೂತಿರ್ತಾರೆ.

ರಾತ್ರಿ ಆಗೋದೇನು ಅಂದ್ರೆ, ತುರಿಕೆ ತಡೆಯಕ್ಕಾಗದೆ ಕಾಲನ್ನ ರಗ್ಗಿನಿಂದ ಆಚೆ ಹಾಕ್ತೀವಿ, ಐದು ನಿಮಿಷ ಹಾಯ್ ಅನ್ಸುತ್ತೆ, ಮತ್ತೆ ತಣ್ಣಗಾಗಿ ಒಳಗೆಳ್ಕೊಳ್ತೀವಿ, ಮತ್ತೆ ತುರಿಕೆ. ರಾತ್ರಿಯಿಡೀ ಈ ಒಳಗೆ ಹೊರಗೆ ಆಟ. ಇದು ಊತನ ಇನ್ನೂ ಜಾಸ್ತಿ ಮಾಡುತ್ತೆ. ಮಲಗೋಕೆ ಅರ್ಧ ಗಂಟೆ ಮುಂಚೇನೇ ತೆಳು, ಸಡಿಲ ಸಾಕ್ಸ್ ಹಾಕ್ಕೊಂಡು ಕಾಲನ್ನ ನಿಧಾನಕ್ಕೆ ಬೆಚ್ಚಗೆ ಮಾಡ್ಕೊಂಡು ಹಾಸಿಗೆಗೆ ಹೋದ್ರೆ ಈ ಕಾಟ ಎಷ್ಟೋ ಕಮ್ಮಿ.

ನೆಟ್‌ನಲ್ಲಿ ಎಲ್ಲಾ ಕೆಂಪು ಕೆಂಪು ಬೆರಳು ತೋರಿಸ್ತಾರೆ, ನಂದು ಹಾಗಿಲ್ಲ.

ಆ ಫೋಟೋಗಳೆಲ್ಲಾ ಬಿಳಿ ತೊಗಲಿನೋರದ್ದು. ನಮ್ಮ ಮೈಬಣ್ಣಕ್ಕೆ ಕೆಂಪು ಅಷ್ಟು ಎದ್ದು ಕಾಣಲ್ಲ, ನೇರಳೆ, ಕಂದು, ಸುತ್ತಲಿನ ಚರ್ಮಕ್ಕಿಂತ ಕಪ್ಪಗಿರೋ ಮಚ್ಚೆ ಥರ ಕಾಣುತ್ತೆ, ಕೆಲವು ಸಲ ಬಣ್ಣವೇ ಬದಲಾಗಿರಲ್ಲ, ಬರೀ ಊತ ಮತ್ತೆ ಹೊಳಪು. ಹಗಲು ಬೆಳಕಲ್ಲಿ ಎರಡೂ ಕಾಲು ಪಕ್ಕ ಪಕ್ಕ ಇಟ್ಟು ನೋಡಿ, ಬೆರಳಿನ ಗಿಣ್ಣಿನ ಗೆರೆಗಳು ಊತಕ್ಕೆ ಮಾಯ ಆಗಿರ್ತವೆ. ವಾಸಿ ಆದ್ಮೇಲೂ ಕಪ್ಪು ಕಲೆ ಕೆಲವು ವಾರ, ತಿಂಗಳು ಉಳಿಯಬಹುದು, ಅದು ರೋಗ ಉಳಿದಿದೆ ಅಂತಲ್ಲ.

ಫಂಗಸ್ ಇರಬಹುದಾ? ಯೂರಿಕ್ ಆಸಿಡ್ ಇರಬಹುದಾ?

ಇರಬಹುದು, ಅದಕ್ಕೇ ನೋಡ್ದೇ ಟ್ಯೂಬ್ ಹಚ್ಚಬೇಡಿ ಅನ್ನೋದು. ಫಂಗಸ್ ಸಾಮಾನ್ಯವಾಗಿ ಬೆರಳಿನ ಸಂದಿಲಿ ಶುರು, ಚರ್ಮ ಬೆಳ್ಳಗೆ ನೆಂದು ಸಿಪ್ಪೆ ಏಳುತ್ತೆ, ವಾಸನೆ ಇರುತ್ತೆ, ಮಳೆಗಾಲದಲ್ಲಿ ಜಾಸ್ತಿ. ಯೂರಿಕ್ ಆಸಿಡ್‌ದು, ಅಂದ್ರೆ ಗೌಟ್, ಹೆಚ್ಚಾಗಿ ಹೆಬ್ಬೆರಳಿನ ಬುಡದ ಕೀಲಿಗೆ ರಾತ್ರೋರಾತ್ರಿ ಬರೋ ಭಯಂಕರ ನೋವು, ಹೊದಿಕೆ ತಾಗಿದ್ರೂ ಚೀರೋ ಹಂಗಾಗುತ್ತೆ, ಅದರಲ್ಲಿ ತುರಿಕೆ ಮುಖ್ಯ ಅಲ್ಲ.

ರೇನಾಡ್ಸ್ ಅಂತ ಇನ್ನೊಂದಿದೆ, ಇದರ ಅಣ್ಣತಮ್ಮನ ಥರ. ಅದರಲ್ಲಿ ಚಳಿ ತಾಗಿದ ತಕ್ಷಣ ಬೆರಳು ಬಿಳಿಚಿ ಹೋಗಿ ಮರಗಟ್ಟುತ್ತೆ, ಆಮೇಲೆ ನೀಲಿ, ಬೆಚ್ಚಗಾದ್ಮೇಲೆ ಕೆಂಪು, ಸ್ವಲ್ಪ ಹೊತ್ತಲ್ಲಿ ಸರಿಹೋಗುತ್ತೆ. ಚಿಲ್‌ಬ್ಲೇನ್ಸ್ ದಿನಗಟ್ಲೆ ಇರುತ್ತೆ. ಒಬ್ಬರಿಗೇ ಎರಡೂ ಇರೋದೂ ಉಂಟು.

ಬಕೆಟ್‌ನಲ್ಲಿ ಬಿಸಿನೀರು ಹಾಕಿ ಕಾಲಿಟ್ರೆ ಆಯ್ತಲ್ವಾ?

ಈ ಪೇಜ್‌ನಲ್ಲಿ ಒಂದೇ ಒಂದು ಉತ್ತರ ಓದ್ತೀರಾ ಅಂದ್ರೆ ಇದನ್ನೇ ಓದಿ. ಬೇಡ. ತಣ್ಣಗಿರೋ ಕಾಲನ್ನ ಕೊತಕೊತ ಬಿಸಿನೀರಿಗೆ ಇಳಿಸೋದೇ ಎಷ್ಟೋ ಮನೇಲಿ ಚಿಲ್‌ಬ್ಲೇನ್ಸ್ ಕೆರಳಿಸೋ ಕೆಲಸ. ಪಾಪ ಎಲ್ಲರಿಗೂ ತೋಚೋದೇ ಅದು, ಕಾಲು ತಣ್ಣಗಿದೆ, ಬಿಸಿ ಮಾಡೋಣ, ಉಪ್ಪು ಹಾಕೋಣ. ಹಿಡಿದ ತಕ್ಷಣ ಸುಖ ಅನ್ಸುತ್ತೆ ಬೇರೆ. ಆದ್ರೆ ಮೇಲೆ ಹೇಳಿದ ಹಾಗೆ ತೊಂದ್ರೆ ಇರೋದು ಚಳಿಯಿಂದ ಬಿಸಿಗೆ ಒಂದೇ ನೆಗೆತಕ್ಕೆ ಹಾರೋದರಲ್ಲಿ. ಜತೆಗೆ ಮರಗಟ್ಟಿದ ಬೆರಳಿಗೆ ನೀರು ಎಷ್ಟು ಬಿಸಿ ಇದೆ ಅಂತ ಗೊತ್ತೇ ಆಗಲ್ಲ, ಸುಟ್ಟುಕೊಂಡೋರೂ ಇದಾರೆ. ಪುಣೆ ಸೊಸೈಟಿಗಳಲ್ಲಿ ಟೆರೇಸ್ ಮೇಲೆ ಸೋಲಾರ್ ಇರೋದ್ರಿಂದ ನಲ್ಲಿ ತಿರುಗಿಸಿದ್ರೆ ಮೊದಲು ತಣ್ಣೀರು, ಆಮೇಲೆ ಒಮ್ಮೆಗೇ ಕುದಿಯೋ ನೀರು, ಅದರ ಕೆಳಗೆ ಕಾಲಿಟ್ಟು ನಿಲ್ಲಬೇಡಿ.

ಹೀಟರ್ ಮುಂದೆ ಕಾಲು ಚಾಚೋದು, ಇಸ್ತ್ರಿ ಪೆಟ್ಟಿಗೆಲಿ ಬಟ್ಟೆ ಕಾಯಿಸಿ ಶಾಖ ಕೊಡೋದು, ಶೇಕೋಟಿಗೆ, ಅಂದ್ರೆ ಚಳಿ ಕಾಯಿಸೋಕೆ ಹಾಕೋ ಬೆಂಕಿಗೆ ಅಂಗಾಲು ಹಿಡಿಯೋದು, ಹಾಟ್ ವಾಟರ್ ಬ್ಯಾಗ್ ಮೇಲೆ ನೇರ ಕಾಲಿಡೋದು, ಎಲ್ಲಾ ಇದೇ ಲೆಕ್ಕ. ನಮಗೆ ಬೇಕಾಗಿರೋದು ಕಾಲನ್ನ ಬಿಸಿ ಮಾಡೋದಲ್ಲ, ತಣ್ಣಗಾಗದೇ ಇರೋ ಹಾಗೆ ನೋಡ್ಕೊಳ್ಳೋದು. ಹಾಸಿಗೆ ಬೆಚ್ಚಗಿರ್ಲಿ ಅಂದ್ರೆ ಬ್ಯಾಗನ್ನ ಮಲಗೋ ಮುಂಚೆ ಹಾಸಿಗೆಲಿಟ್ಟು, ಮಲಗೋವಾಗ ತೆಗೆದುಬಿಡಿ.

ಸರಿ, ಬಂದುಬಿಟ್ಟಿದೆ. ಈಗ ಏನ್ ಮಾಡ್ಲಿ?

ಒದ್ದೆ ಸಾಕ್ಸ್, ಬಿಗಿ ಬೂಟು ತೆಗೀರಿ. ಮೆತ್ತಗಿನ ಟವೆಲ್‌ನಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ, ಬೆರಳ ಸಂದಿ ಮರೀಬೇಡಿ. ಒಣಗಿದ ಸಡಿಲ ಸಾಕ್ಸ್ ಹಾಕಿ ರೂಮಿನ ಬಿಸಿಗೇ ನಿಧಾನಕ್ಕೆ ಬೆಚ್ಚಗಾಗೋಕೆ ಬಿಡಿ. ಮಾಲೀಶ್ ಬೇಡ, ಊದಿರೋ ಕಡೆ ತಿಕ್ಕಿದ್ರೆ ಚರ್ಮ ಒಡೆಯುತ್ತೆ. ಕಾಲು ಬೆಚ್ಚಗೆ ಒಣಗಿ ಇರೋವಾಗ ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಅಥವಾ ವ್ಯಾಸಲೀನ್ ತೆಳ್ಳಗೆ ಹಚ್ಚಿ, ಚರ್ಮ ಬಿರುಕು ಬಿಡದ ಹಾಗೆ ಕಾಪಾಡುತ್ತೆ. ತುರಿಕೆಗೆ ಕ್ಯಾಲಮೈನ್ ಲೋಷನ್ ಕೆಲವರಿಗೆ ಹಾಯ್ ಅನ್ಸುತ್ತೆ, ಚರ್ಮ ಒಡೆದಿದ್ರೆ ಬೇಡ.

ತುರಿಸ್ಕೋಬೇಡಿ ಅಂತ ಹೇಳೋದು ಸುಲಭ, ಗೊತ್ತು. ಉಗುರು ಗಿಡ್ಡ ಕತ್ತರಿಸ್ಕೊಳ್ಳಿ, ರಾತ್ರಿ ನಿದ್ದೆಲಿ ಒಂದು ಕಾಲಿನ ಹಿಮ್ಮಡಿಲಿ ಇನ್ನೊಂದು ಕಾಲಿನ ಬೆರಳು ತಿಕ್ಕೋ ಅಭ್ಯಾಸ ಬಹಳ ಜನಕ್ಕಿದೆ, ಸಾಕ್ಸ್ ಇದ್ರೆ ಅದರಿಂದ ಗಾಯ ಆಗಲ್ಲ. ಗುಳ್ಳೆ ಎದ್ದಿದ್ರೆ ಸೂಜಿ ಹಾಕಿ ಒಡೀಬೇಡಿ. ತಾನಾಗೇ ಒಡೆದ್ರೆ ತೊಳೆದು ಒಣ ಡ್ರೆಸಿಂಗ್ ಹಾಕಿ ಡಾಕ್ಟರ್‌ಗೆ ತೋರಿಸಿ.

ಕಾಲುಂಗುರ ತೆಗೀಬೇಕಾ?

ಹೌದು, ಊತ ಶುರುವಾಗ್ತಿದೆ ಅನ್ಸಿದ ದಿನವೇ. ವಿದೇಶಿ ಲೇಖನಗಳಲ್ಲಿ ಇದು ಸಾಮಾನ್ಯವಾಗಿ ಸಿಗಲ್ಲ, ಅಲ್ಲಿ ನಮ್ಮ ಥರ ಕಾಲುಂಗುರದ ರೂಢಿ ಇಲ್ಲ. ಎರಡನೇ ಬೆರಳಲ್ಲಿ ಬೆಳ್ಳಿ ಉಂಗುರ ಬಿಗಿಯಾಗಿ ಕೂತು, ಅದರ ಆಚೆ ಬೆರಳು ಊದಿದ್ರೆ ರಕ್ತ ಓಡಾಟಕ್ಕೇ ಅಡ್ಡಿ. ಸುತ್ತು ಬಾಯಿ ಬಿಟ್ಟಿರೋ ಉಂಗುರ ಆದ್ರೆ ಸ್ವಲ್ಪ ಅಗಲಿಸಿ ತೆಗೀಬಹುದು, ಮುಚ್ಚಿದ ಸುತ್ತಾದ್ರೆ ಕಾಲನ್ನ ಸ್ವಲ್ಪ ಹೊತ್ತು ದಿಂಬಿನ ಮೇಲೆ ಎತ್ತಿಟ್ಟು, ಎಣ್ಣೆ ಅಥವಾ ಸೋಪು ಹಚ್ಚಿ ತಿರುಗಿಸ್ತಾ ತೆಗೀರಿ. ಬರ್ಲಿಲ್ಲ ಅಂದ್ರೆ ಎಳೆದಾಡಬೇಡಿ, ಅಕ್ಕಸಾಲಿ ಹತ್ರ ಅಥವಾ ಕ್ಲಿನಿಕ್‌ನಲ್ಲಿ ಕತ್ತರಿಸಿ ಕೊಡ್ತಾರೆ. ಅತ್ತೆ ಏನಂತಾರೋ ಅನ್ನೋರಿಗೆ: ಸಂಕ್ರಾಂತಿ ಕಳೆದ್ಮೇಲೆ ಮತ್ತೆ ಹಾಕ್ಕೋಬಹುದು, ಬೆರಳು ಹೋದ್ರೆ ಹಾಕ್ಕೊಳ್ಳೋಕಾಗಲ್ಲ.

ಅಜ್ಜಿ ಹೇಳಿದ ಮದ್ದು ಮಾಡಬಹುದಾ? ಬೆಳ್ಳುಳ್ಳಿ, ಸುಣ್ಣ, ಅರಿಶಿನ, ಅಮೃತಾಂಜನ?

ಕೊಬ್ಬರಿ ಎಣ್ಣೆ ತಿಕ್ಕದೇ ತೆಳ್ಳಗೆ ಹಚ್ಚಿ, ತೊಂದ್ರೆ ಇಲ್ಲ, ಚರ್ಮ ಮೆತ್ತಗಿರುತ್ತೆ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಹರಳೆಣ್ಣೆನೂ ಅಷ್ಟೇ, ಆದ್ರೆ ಹಚ್ಕೊಂಡು ಟೈಲ್ಸ್ ಮೇಲೆ ನಡೆದ್ರೆ ಸೊಂಟ ಮುರಿಯುತ್ತೆ. ಜಜ್ಜಿದ ಬೆಳ್ಳುಳ್ಳಿ ಕಟ್ಟೋದು ಖಂಡಿತ ಬೇಡ, ಚರ್ಮ ಸುಟ್ಟ ಹಾಗೆ ಗುಳ್ಳೆ ಏಳುತ್ತೆ. ಸುಣ್ಣವೂ ಬೇಡ. ಅಮೃತಾಂಜನ, ವಿಕ್ಸ್ ಥರದ್ದು ಬೆಚ್ಚಗೆ ಮಾಡುತ್ತೆ ಅನ್ಸಿದ್ರೂ ಊದಿದ ಚರ್ಮಕ್ಕೆ ಕೆರಳಿಕೆ, ಒಡೆದ ಚರ್ಮಕ್ಕೆ ನರಕ. ಅರಿಶಿನ ಹಚ್ಚಿದ್ರೆ ಮಚ್ಚೆ ಬಣ್ಣ ಡಾಕ್ಟರ್‌ಗೆ ಕಾಣಲ್ಲ, ಅದೊಂದು ಪ್ರಾಕ್ಟಿಕಲ್ ತೊಂದ್ರೆ.

ಮೆಡಿಕಲ್‌ನವನು ಒಂದು ಟ್ಯೂಬ್ ಕೊಟ್ಟ, ಎರಡೇ ದಿನಕ್ಕೆ ತುರಿಕೆ ಕಮ್ಮಿ ಆಯ್ತು. ಮುಂದುವರಿಸ್ಲಾ?

ಟ್ಯೂಬ್ ಹಿಂದೆ ಏನು ಬರೆದಿದೆ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಅಂತ ಇದ್ರೆ ಅದು ಸ್ಟಿರಾಯ್ಡ್. ನಮ್ಮ ದೇಶದಲ್ಲಿ ಸ್ಟಿರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರನ್ನೂ ಕಲಸಿದ ಟ್ಯೂಬ್‌ಗಳು ಧಾರಾಳ ಸಿಗ್ತವೆ, ಯಾವುದಕ್ಕೂ ಅದೇ, ಎಲ್ಲದಕ್ಕೂ ಅದೇ. ಡಾಕ್ಟರ್ ನೋಡಿ ಕೆಲವು ದಿನಕ್ಕೆ ಅಂತ ಸ್ಟಿರಾಯ್ಡ್ ಕ್ರೀಮ್ ಬರೆಯೋದು ಇದೆ, ಆದ್ರೆ ಚಿಲ್‌ಬ್ಲೇನ್ಸ್‌ಗೆ ಅದು ನಿಜವಾಗ್ಲೂ ಎಷ್ಟು ಉಪಯೋಗ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ವಾರಗಟ್ಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ಒಂದು ವೇಳೆ ಅದು ಫಂಗಸ್ ಆಗಿದ್ರೆ ಮೇಲೆ ಮುಚ್ಚಿಟ್ಟು ಒಳಗೆ ಹಬ್ಬಿಸುತ್ತೆ. ತುರಿಕೆ ಹೋಯ್ತು ಅಂತ ರೋಗ ಹೋಯ್ತು ಅಲ್ಲ.

ಮಾತ್ರೆ ಇಲ್ವಾ ಇದಕ್ಕೆ?

ಬಹಳ ಕಾಟ ಇರೋರಿಗೆ, ಪದೇ ಪದೇ ಬರೋರಿಗೆ ನಿಫೆಡಿಪಿನ್ ಅಂತ ಬಿಪಿ ಮಾತ್ರೆನ ಡಾಕ್ಟರ್‌ಗಳು ಕೊಡೋದಿದೆ, ರಕ್ತನಾಳ ಸಡಿಲ ಮಾಡುತ್ತೆ. ತಲೆನೋವು, ಮುಖ ಬಿಸಿಯಾಗೋದು, ಪಾದ ಊದೋದು, ಬಿಪಿ ಇಳಿಯೋದು ಇದರ ಅಡ್ಡ ಪರಿಣಾಮ. ಮನೇಲಿ ಮಾವನವರ ಬಿಪಿ ಡಬ್ಬೀಲಿ ಅದೇ ಇದೆ ಅಂತ ಎತ್ಕೊಂಡು ನುಂಗೋರಿದ್ರೆ ದಯವಿಟ್ಟು ಬೇಡ. ಬಸುರಿಯರು, ಹಾಲೂಡಿಸೋರು, ಬಿಪಿ ಮೊದಲೇ ಕಮ್ಮಿ ಇರೋರು ಡಾಕ್ಟರ್‌ಗೆ ಅದನ್ನ ಹೇಳ್ಲೇಬೇಕು. ಇದರ ಉಲ್ಟಾನೂ ಇದೆ, ಬೀಟಾ ಬ್ಲಾಕರ್ ಅನ್ನೋ ಜಾತಿ ಬಿಪಿ, ಹೃದಯದ ಮಾತ್ರೆಗಳು ಕೆಲವರಿಗೆ ಕೈಕಾಲು ತಣ್ಣಗೆ ಮಾಡ್ತವೆ. ಹಾಗಂತ ನೀವೇ ನಿಲ್ಲಿಸ್ಬೇಡಿ, ಬರೆದುಕೊಟ್ಟೋರನ್ನ ಕೇಳಿ.

ಧನುರ್ಮಾಸದ ಪೂಜೆ ಇದೆ, ಬೆಳಗ್ಗೆ ಐದಕ್ಕೆ ಬರಿಗಾಲಲ್ಲಿ ದೇವಸ್ಥಾನ. ಹೇಗೆ?

ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ, ಅಂದ್ರೆ ಸರಿಯಾಗಿ ಪುಣೆಯ ಕೊರೆಯೋ ಚಳಿಗೆ ಸರಿಯಾಗಿ ಧನುರ್ಮಾಸ. ತಣ್ಣೀರು ಸ್ನಾನ, ಒದ್ದೆ ಮಡಿ, ಕಲ್ಲಿನ ನೆಲ, ಬಿಸಿ ಹುಗ್ಗಿ ಪ್ರಸಾದಕ್ಕೆ ಕಾಯ್ತಾ ನಿಲ್ಲೋದು. ಪೂಜೆ ಬಿಡಿ ಅಂತ ನಾನ್ಯಾರು ಹೇಳೋಕೆ. ಆದ್ರೆ ಸ್ನಾನ ಆದ್ಮೇಲೆ ಕಾಲು, ಬೆರಳ ಸಂದಿ ಚೆನ್ನಾಗಿ ಒರೆಸ್ಕೊಳ್ಳಿ, ದೇವಸ್ಥಾನದ ಬಾಗಿಲವರೆಗೆ ಸಾಕ್ಸ್ ಶೂ ಹಾಕ್ಕೊಂಡೇ ಹೋಗಿ, ಕಾಲು ತೊಳೆಯೋ ನಲ್ಲಿ ಪಕ್ಕ ಒರೆಸ್ಕೊಳ್ಳೋಕೆ ಒಂದು ಸಣ್ಣ ಟವೆಲ್ ಚೀಲದಲ್ಲಿಟ್ಕೊಳ್ಳಿ. ಒಳಗೆ ಕಲ್ಲಿನ ಮೇಲೆ ನಿಲ್ಲೋ ಬದಲು ಚಾಪೆ, ಜಮಖಾನ ಇರೋ ಕಡೆ ನಿಲ್ಲಿ ಅಥವಾ ಮಣೆ ಮೇಲೆ ಕೂರಿ. ಪ್ರದಕ್ಷಿಣೆ ಹಾಕೋದು ಒಂದೇ ಜಾಗದಲ್ಲಿ ನಿಲ್ಲೋದಕ್ಕಿಂತ ಒಳ್ಳೇದು, ರಕ್ತ ಓಡಾಡುತ್ತೆ. ಮನೇಲೇ ಪೂಜೆ ಮಾಡೋರಿಗೆ ಉಣ್ಣೆ ಶಾಲು ಮಡಿಗೆ ನಡೆಯುತ್ತೆ ಅಂತ ಎಷ್ಟೋ ಮನೇಲಿ ಒಪ್ಕೋತಾರೆ, ಅದರ ಮೇಲೇ ನಿಂತ್ಕೊಳ್ಳಿ. ಮೊದಲೇ ಬೆರಳು ಒಡೆದು ಗಾಯ ಆಗಿರೋರು ಮಾತ್ರ ಈ ವರ್ಷ ಮನೆ ದೇವರಿಗೇ ಕೈಮುಗೀರಿ.

ನಾನು ಹೋಟೆಲ್ ಕಿಚನ್‌ನಲ್ಲಿ ಕೆಲಸ ಮಾಡ್ತೀನಿ, ಒಲೆ ಮುಂದೇನೇ ಇರ್ತೀನಿ, ನಂಗ್ಯಾಕೆ ಬಂತು?

ಉಡುಪಿ, ಕುಂದಾಪುರ ಕಡೆಯಿಂದ ಬಂದು ಇಲ್ಲಿ ಹೋಟೆಲ್‌ಗಳಲ್ಲಿ ದುಡಿಯೋ ಹುಡುಗರಿಗೆ ಇದು ನಿಜವಾದ ಪ್ರಶ್ನೆ. ಇಡ್ಲಿ ಹಂಡೆ ಏರೋ ಮುಂಚೆ ನೆಲ ತೊಳೀಬೇಕು, ನೀರು ಐಸ್ ಥರ, ಕಾಲಲ್ಲಿ ರಬ್ಬರ್ ಚಪ್ಪಲಿ. ಅದಾದ ತಕ್ಷಣ ಒಲೆ ಹತ್ರ, ಆಮೇಲೆ ಮತ್ತೆ ಪಾತ್ರೆ ತೊಳೆಯೋ ಕಡೆ. ಒದ್ದೆ, ಚಳಿ, ಬಿಸಿ, ಮತ್ತೆ ಒದ್ದೆ, ದಿನಾ. ಇವರಿಗೆ ಸಾಕ್ಸ್ ಹಾಕ್ಕೊಳ್ಳಿ ಅಂತ ಉಪದೇಶ ಮಾಡಿದ್ರೆ ಏನೂ ಪ್ರಯೋಜನ ಇಲ್ಲ, ಹತ್ತು ನಿಮಿಷದಲ್ಲಿ ಸಾಕ್ಸ್ ನೆಂದು ಇನ್ನೂ ಕೆಟ್ಟದಾಗುತ್ತೆ. ಬೇಕಾಗಿರೋದು ಮೊಣಕಾಲು ಕೆಳಗಿನವರೆಗಿನ ಗಂಬೂಟು, ಒಂದು ಸೈಜ್ ದೊಡ್ಡದು, ಒಳಗೆ ದಪ್ಪ ಸಾಕ್ಸ್, ಇನ್ನೊಂದು ಜೋಡಿ ಒಣಗಿದ್ದು ಲಾಕರ್‌ನಲ್ಲಿ, ಮಧ್ಯಾಹ್ನ ಬದಲಾಯಿಸೋಕೆ. ಮಾಲೀಕರು ಇದನ್ನ ಓದ್ತಿದ್ರೆ, ಗಂಬೂಟಿಗೆ ದುಡ್ಡು ಕೊಡಬೇಕಾದೋರು ನೀವು, ಹುಡುಗರಲ್ಲ. ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ಬೆಳಗಿನ ಜಾವ ಒದ್ದೆ ಸೊಪ್ಪಿನ ಮೂಟೆ ಇಳಿಸೋರಿಗೂ, ಕಟ್ಟಡಕ್ಕೆ ಕ್ಯೂರಿಂಗ್ ನೀರು ಹೊಡೆಯೋ ನಮ್ಮ ವಿಜಯಪುರ, ಕಲಬುರಗಿ ಕಡೆಯವರಿಗೂ ಇದೇ ಮಾತು.

ಹಿಂಜವಡಿಗೆ ಬೆಳಗ್ಗೆ ಬೈಕ್‌ನಲ್ಲಿ ಹೋಗ್ತೀನಿ, ಶೂ ಹಾಕಿದ್ರೂ ಬೆರಳು ಮರಗಟ್ಟುತ್ತೆ.

ಮೆಶ್ ಇರೋ ಸ್ಪೋರ್ಟ್ಸ್ ಶೂ ಹಾಕಿದೀರಾ ಅನ್ಸುತ್ತೆ, ಅದರೊಳಗೆ ಗಾಳಿ ನೇರ ನುಗ್ಗುತ್ತೆ. ಲೆದರ್ ಅಥವಾ ಗಾಳಿ ತೂರದ ಶೂ ಹಾಕಿ. ಜತೆಗೆ ಎದೆ, ಹೊಟ್ಟೆ, ತಲೆ ಬೆಚ್ಚಗಿಡಿ, ಇದು ಜನಕ್ಕೆ ಹೊಳೆಯಲ್ಲ, ನಡು ಮೈ ತಣ್ಣಗಾದ್ರೆ ದೇಹ ಮೊದಲು ರಕ್ತ ಕಡಿತ ಮಾಡೋದೇ ಕೈಕಾಲು ತುದಿಗೆ. ಜಾಕೆಟ್ ಇಲ್ದೆ ಬರೀ ದಪ್ಪ ಸಾಕ್ಸ್ ಹಾಕಿದ್ರೆ ಬೆರಳು ಬೆಚ್ಚಗಾಗಲ್ಲ. ಸಿಗ್ನಲ್‌ನಲ್ಲಿ ಶೂ ಒಳಗೇ ಬೆರಳು ಮಡಚಿ ಬಿಚ್ಚಿ ಮಾಡಿ, ಪುಣೆ ಸಿಗ್ನಲ್‌ಗಳಲ್ಲಿ ಟೈಮ್‌ಗೇನು ಕಮ್ಮಿ. ಆಫೀಸ್ ತಲುಪಿ ಐದು ಹತ್ತು ನಿಮಿಷ ನಡೆದಾಡಿ, ನೇರ ಹೋಗಿ ಎಸಿ ಕೆಳಗೆ ಕೂರಬೇಡಿ. ಭಾನುವಾರ ನಸುಕಲ್ಲಿ ಸಿಂಹಗಡ ಹತ್ತೋರು ಬೆವೆತ ಸಾಕ್ಸಲ್ಲೇ ಮೇಲೆ ಕೂತು ಪಿಠ್ಲ ಭಾಕರಿ ತಿಂತಾರಲ್ಲ, ಆ ಗಾಳಿಗೆ ಒದ್ದೆ ಕಾಲು ಕೆಡೋದೇ ಆಗ, ಒಂದು ಒಣ ಜೋಡಿ ಬ್ಯಾಗಲ್ಲಿರ್ಲಿ.

ಸಾಕ್ಸ್ ಯಾವುದು ತಗೊಳ್ಳಿ? ಎರಡು ಜೋಡಿ ಒಟ್ಟಿಗೆ ಹಾಕ್ಲಾ?

ಉಣ್ಣೆ ಅಥವಾ ಉಣ್ಣೆ ಮಿಶ್ರ. ಕಾಟನ್ ಬೆವರು ಹೀರ್ಕೊಂಡು ಹಾಗೇ ಒದ್ದೆ ಇಟ್ಕೊಳ್ಳುತ್ತೆ, ಉಣ್ಣೆ ಸ್ವಲ್ಪ ತೇವ ಆದ್ರೂ ಬೆಚ್ಚಗಿರುತ್ತೆ. ಉಣ್ಣೆ ಚುಚ್ಚುತ್ತೆ ಅನ್ನೋರಿಗೆ ಮೆರಿನೋ ಉಣ್ಣೆದು ಸ್ಪೋರ್ಟ್ಸ್ ಅಂಗಡಿಗಳ ಟ್ರೆಕ್ಕಿಂಗ್ ವಿಭಾಗದಲ್ಲಿ ಸಿಗುತ್ತೆ, ಬೆಲೆ ಜಾಸ್ತಿ, ಎರಡು ಜೋಡಿ ಇದ್ರೆ ಚಳಿಗಾಲ ಕಳೀಬಹುದು. ಎರಡು ಸಾಕ್ಸ್ ಒಟ್ಟಿಗೆ ಹಾಕಿ ಅದೇ ಶೂ ಒಳಗೆ ತುರುಕಿದ್ರೆ ಬೆರಳು ಒತ್ತಿ ರಕ್ತ ಓಡಾಟ ಕಮ್ಮಿ ಆಗಿ ಇನ್ನೂ ತಣ್ಣಗಾಗ್ತವೆ. ಶೂ ಒಳಗೆ ಬೆರಳು ಆಡಿಸೋಕೆ ಜಾಗ ಇರ್ಬೇಕು, ಅದೇ ಟೆಸ್ಟ್. ಮೊನಚು ತುದಿಯ ಫಾರ್ಮಲ್ ಶೂ, ಲೇಡೀಸ್ ಬೆಲ್ಲಿ ಶೂ ಇದಕ್ಕೆ ಶತ್ರು. ಚಪ್ಪಲಿ ಬಿಡಲ್ಲ ಅನ್ನೋ ಹೆಂಗಸರಿಗೆ ಹೆಬ್ಬೆರಳು ಬೇರೆ ಇರೋ ಸಾಕ್ಸ್ ತುಳಶೀಬಾಗ್ ಮಾರ್ಕೆಟ್‌ನಲ್ಲಿ ಧಾರಾಳ, ಆದ್ರೆ ಮೇಲ್ಭಾಗದ ಎಲಾಸ್ಟಿಕ್ ಬಿಗಿ ಇರೋದು ತಗೋಬೇಡಿ, ಸಂಜೆ ತೆಗೆದಾಗ ಕಾಲ ಸುತ್ತ ಆಳವಾದ ಗೆರೆ ಬಿದ್ದಿದ್ರೆ ಅದು ಬಿಗಿ ಅಂತ.

ಮನೇಲಿ ಟೈಲ್ಸ್ ಅಂತೂ ಐಸು.

ಮನೆಯೊಳಗಿನ ಚಪ್ಪಲಿ, ಹಿಂದೆ ಮುಚ್ಚಿರೋದು. ಬಚ್ಚಲ ಬಾಗಿಲಲ್ಲಿ ಮತ್ತೆ ಅಡುಗೆ ಕಟ್ಟೆ ಮುಂದೆ ದಪ್ಪ ಮ್ಯಾಟ್, ಒದ್ದೆಯಾದ್ರೆ ಬದಲಾಯಿಸಿ. ಬಚ್ಚಲ ಚಪ್ಪಲಿ ಬೇರೆ, ಮನೆ ಚಪ್ಪಲಿ ಬೇರೆ. ಅಷ್ಟೇ.

ಸಿಗರೇಟಿಗೂ ಇದಕ್ಕೂ ಸಂಬಂಧ ಇದ್ಯಾ?

ಇದೆ. ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತೆ, ಬೀಡಿ, ಗುಟ್ಕಾ, ತಂಬಾಕು ಎಲ್ಲದರಲ್ಲೂ ಇರೋದು ಅದೇ. ಇನ್ನೊಂದು ಗಂಭೀರ ವಿಷ್ಯ, ತಂಬಾಕು ಬಳಸೋ ಚಿಕ್ಕ ವಯಸ್ಸಿನ ಗಂಡಸರಿಗೆ ಬರ್ಗರ್ಸ್ ಡಿಸೀಸ್ ಅಂತ ರಕ್ತನಾಳ ಕಟ್ಟೋ ಕಾಯಿಲೆ ಬರಬಹುದು. ನಡೆದ್ರೆ ಪಾದ, ಮೀನಖಂಡ ನೋವು, ನಿಂತ್ರೆ ಕಮ್ಮಿ, ಬೆರಳ ತುದಿ ಹುಣ್ಣಾಗಿ ಮಾಯಲ್ಲ, ಕಪ್ಪಾಗುತ್ತೆ. ಇದನ್ನ ಚಳಿ ಹುಣ್ಣು ಅಂದ್ಕೊಂಡು ಕೂತ್ರೆ ಬೆರಳೇ ಕಳ್ಕೋಬೇಕಾಗುತ್ತೆ, ತಕ್ಷಣ ರಕ್ತನಾಳದ ಸರ್ಜನ್ ನೋಡ್ಬೇಕು.

ಅಪ್ಪನಿಗೆ ಶುಗರ್ ಇದೆ, ಅವರಿಗೂ ಇದೇ ಮಾಡಬಹುದಾ?

ಅವರಿಗೆ ಮನೆ ಪ್ರಯೋಗ ಬೇಡ, ಮೊದಲ ದಿನವೇ ಡಾಕ್ಟರ್. ಶುಗರ್ ಹಳೇದಾದ್ರೆ ಪಾದದ ಸ್ಪರ್ಶ ಕಮ್ಮಿ ಆಗಿರುತ್ತೆ, ಬಿಸಿ, ಚುಚ್ಚು ಯಾವುದೂ ಗೊತ್ತಾಗಲ್ಲ, ಸಣ್ಣ ಬಿರುಕೂ ದೊಡ್ಡ ಸೋಂಕಾಗಬಹುದು. ಹಾಟ್ ವಾಟರ್ ಬ್ಯಾಗ್, ಹೀಟಿಂಗ್ ಪ್ಯಾಡ್ ಅವರ ಕಾಲಿನ ಹತ್ರಾನೇ ತರಬೇಡಿ. ದಿನಾ ರಾತ್ರಿ ಮಲಗೋ ಮುಂಚೆ ಅವರ ಅಂಗಾಲು, ಬೆರಳ ಸಂದಿ ಬೇರೆ ಯಾರಾದ್ರೂ ನೋಡ್ಬೇಕು, ಅವರಿಗೆ ಬಗ್ಗೋಕೂ ಆಗಲ್ಲ, ಕಾಣೋದೂ ಇಲ್ಲ, ಹೇಳೋದಂತೂ ಇಲ್ಲವೇ ಇಲ್ಲ.

ಮಕ್ಕಳಿಗೆ?

ಬರುತ್ತೆ, ಸಾಮಾನ್ಯವಾಗಿ ಬೇಗ ವಾಸಿನೂ ಆಗುತ್ತೆ. ಸ್ಕೂಲ್ ಶೂ ಕಳೆದ ಜೂನ್‌ನಲ್ಲಿ ತಗೊಂಡಿದ್ದು, ಡಿಸೆಂಬರ್‌ಗೆ ಚಿಕ್ಕದಾಗಿರುತ್ತೆ, ಮೊದಲು ಅದನ್ನ ನೋಡಿ. ನೈಲಾನ್ ಯೂನಿಫಾರ್ಮ್ ಸಾಕ್ಸ್ ಬೆವರಿಗೆ ಒದ್ದೆ ಆಗುತ್ತೆ, ಎಷ್ಟೋ ಟೀಚರ್‌ಗಳು ಅದೇ ಬಣ್ಣದ ಉಣ್ಣೆ ಸಾಕ್ಸ್ ಹಾಕಿದ್ರೆ ಬೇಡ ಅನ್ನಲ್ಲ, ಒಂದು ಚೀಟಿ ಬರೆದು ಕಳಿಸಿ. ಪದೇ ಪದೇ ಬಂದ್ರೆ ಮಕ್ಕಳ ಡಾಕ್ಟರ್‌ಗೆ ತೋರಿಸಿ.

ಮುಂಬೈ, ಗೋವಾದಲ್ಲಿರೋರಿಗೂ ಬರುತ್ತಾ?

ಹವಾಮಾನದಿಂದ ಬರೋದು ಅಪರೂಪ, ಅಲ್ಲಿ ರಾತ್ರಿನೂ ಅಷ್ಟು ಇಳಿಯಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿ ಕೆಲಸ ಮಾಡೋರು, ಮೀನಿಗೆ ಐಸ್ ತುಂಬೋರು, ಜೋರು ಎಸಿಲಿ ಒದ್ದೆ ಕಾಲಲ್ಲಿ ಕೂರೋರಿಗೆ ಬರಬಹುದು. ಹಾಗೇನೂ ಇಲ್ಲದೆ ಗೋವಾದ ಸೆಕೆಲೂ ಬೆರಳು ಹೀಗಾಗಿದೆ ಅಂದ್ರೆ ಬೇರೆ ಕಾರಣ ಹುಡುಕ್ಬೇಕು. ಮನಾಲಿ, ಕಾಶ್ಮೀರ ಟ್ರಿಪ್‌ನಿಂದ ವಾಪಸ್ ಬಂದು ಕೇಳೋರೇ ಜಾಸ್ತಿ, ಅಲ್ಲಿ ಬಾಡಿಗೆಗೆ ಕೊಡೋ ಹಿಮದ ಬೂಟು ಹಿಂದಿನವರ ಬೆವರಿಗೇ ಒದ್ದೆ ಇರುತ್ತೆ, ಕೈ ಹಾಕಿ ನೋಡಿ ತಗೊಳ್ಳಿ. ಅಲ್ಲಿ ಬೆರಳು ಬೆಳ್ಳಗೆ ಮೇಣದ ಹಾಗೆ ಗಟ್ಟಿಯಾಗಿ ಸ್ಪರ್ಶವೇ ಇಲ್ಲ ಅಂದ್ರೆ ಅದು ಫ್ರಾಸ್ಟ್‌ಬೈಟ್, ತಿಕ್ಕಬೇಡಿ, ಸೀದಾ ಆಸ್ಪತ್ರೆ.

ಕೋವಿಡ್ ಟೋಸ್ ಅಂತಿದ್ರಲ್ಲ, ಅದೇನಾ?

2020ರಲ್ಲಿ ಕೋವಿಡ್ ಹಬ್ಬಿದ ಹೊತ್ತಲ್ಲಿ ಯುರೋಪ್, ಅಮೆರಿಕದಲ್ಲಿ ಹದಿಹರೆಯದವರ ಕಾಲ್ಬೆರಳಲ್ಲಿ ಇದೇ ಥರ ಮಚ್ಚೆ ಕಂಡು ಆ ಹೆಸರು ಬಂತು. ಬಹಳ ಜನರಲ್ಲಿ ಟೆಸ್ಟ್ ಮಾಡಿದ್ರೆ ಕೋವಿಡ್ ಸಿಗ್ಲಿಲ್ಲ, ಹಾಗಾಗಿ ನಿಜವಾದ ಕಾರಣದ ಬಗ್ಗೆ ಡಾಕ್ಟರ್‌ಗಳಲ್ಲೇ ಚರ್ಚೆ ನಡೀತು. ಚಳಿಗಾಲದ ನಿಮ್ಮ ಬೆರಳಿಗೆ ಆ ಹೆದರಿಕೆ ಬೇಡ.

ಯಾವಾಗ ಡಾಕ್ಟರ್ ಹತ್ರ ಹೋಗ್ಲೇಬೇಕು?

ಕೀವು, ಹುಣ್ಣು, ಜ್ವರ, ಕೆಂಪು ಬಣ್ಣ ಪಾದದ ಮೇಲಕ್ಕೆ ಹಬ್ತಿದೆ, ಬೆರಳು ಕಪ್ಪಾಗ್ತಿದೆ, ಒಂದೇ ಕಾಲು ಮಾತ್ರ ತಣ್ಣಗೆ ಬಿಳಿಚಿದೆ, ಇದರಲ್ಲಿ ಯಾವುದಿದ್ರೂ ಅವತ್ತೇ. ಮೂರು ವಾರ ಆದ್ರೂ ಇಳಿದಿಲ್ಲ ಅಂದ್ರೆ, ದೊಡ್ಡ ವಯಸ್ಸಲ್ಲಿ ಮೊದಲ ಸಲ ಜೋರಾಗಿ ಬಂದಿದ್ರೆ ಚರ್ಮದ ಡಾಕ್ಟರ್. ಪುಣೆ ಸ್ಟೇಷನ್ ಹತ್ರದ ಸಸೂನ್ ಸರ್ಕಾರಿ ಆಸ್ಪತ್ರೆಲೂ ಚರ್ಮದ ವಿಭಾಗ ಇದೆ, ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ.

ರಾತ್ರಿ ಊದಿದಾಗ ಫೋಟೋ ತೆಗೆದಿಟ್ಕೊಳ್ಳಿ, ಕ್ಲಿನಿಕ್‌ಗೆ ಹೋಗೋ ಹೊತ್ತಿಗೆ ಬಿಸಿಲೇರಿ ಬೆರಳು ಸಾಧು ಆಗಿರ್ತವೆ. ಜತೆಗೆ ಕೀಲು ನೋವು, ಕೂದಲು ಉದುರೋದು, ಬಾಯಲ್ಲಿ ಹುಣ್ಣು, ಬಿಸಿಲಿಗೆ ಮುಖದ ಮೇಲೆ ದದ್ದು, ಬೆರಳು ಬಿಳಿಚೋದು ಇದ್ರೆ ಕೇಳೋ ಮುಂಚೆನೇ ಹೇಳಿ, ಲೂಪಸ್ ಥರದ, ಅಂದ್ರೆ ದೇಹದ ರಕ್ಷಣಾ ಶಕ್ತಿ ತನ್ನ ಮೈ ಮೇಲೇ ತಿರುಗಿಬೀಳೋ ಕಾಯಿಲೆಲೂ ಚಿಲ್‌ಬ್ಲೇನ್ಸ್ ಬರುತ್ತೆ, ಎಎನ್‌ಎ ಮುಂತಾದ ರಕ್ತ ಪರೀಕ್ಷೆ ಬರೀಬಹುದು. ಹೋಳಿ ಕಳೆದು ಏಪ್ರಿಲ್ ಬಿಸಿಲಲ್ಲೂ ಮಚ್ಚೆ ಊದಿಕೊಂಡೇ ಇದೆ ಅನ್ನೋರು ಇದನ್ನ ಮುಂದೂಡಲೇಬೇಡಿ.

ಒಂದು ವರ್ಷ ಬಂದ್ರೆ ಪ್ರತಿ ವರ್ಷ ಬರುತ್ತಾ?

ಬಹಳ ಜನಕ್ಕೆ ಹೌದು, ಅದೇ ಬೆರಳಿಗೇ ಬರೋದೂ ಇದೆ. ಹೆಂಗಸರಿಗೆ, ತೆಳ್ಳಗಿರೋರಿಗೆ, ಮನೇಲಿ ಬೇರೆಯವರಿಗೂ ಇರೋರಿಗೆ ಸ್ವಲ್ಪ ಜಾಸ್ತಿ. ಅದಕ್ಕೇ ಬೆರಳು ಊದೋವರೆಗೂ ಕಾಯೋದು ಬೇಡ. ದೀಪಾವಳಿ ಮುಗಿದು ಬೆಳಗ್ಗೆ ಫ್ಯಾನ್ ಆಫ್ ಮಾಡೋಣ ಅನ್ಸೋ ದಿನ ಬರುತ್ತಲ್ಲ, ಅವತ್ತಿಂದಲೇ ಮನೆ ಚಪ್ಪಲಿ, ಸಾಕ್ಸ್ ಶುರು ಮಾಡಿ, ಬಚ್ಚಲಿಂದ ಬಂದ ತಕ್ಷಣ ಕಾಲೊರೆಸೋದನ್ನ ರೂಢಿ ಮಾಡ್ಕೊಳ್ಳಿ, ಹಳೇ ಬಿಗಿ ಶೂ ಯಾರಿಗಾದ್ರೂ ಕೊಟ್ಟುಬಿಡಿ. ಕಳೆದ ವರ್ಷ ಮಾತ್ರೆ ಬೇಕಾಗಿದ್ದೋರು ನವೆಂಬರ್‌ನಲ್ಲೇ ಒಂದ್ಸಲ ಡಾಕ್ಟರ್‌ನ ಕಂಡು ಬನ್ನಿ, ಡಿಸೆಂಬರ್ ಕೊನೇ ವಾರ ಅರ್ಧ ಕ್ಲಿನಿಕ್‌ಗಳು ರಜೆ ಇರ್ತವೆ.